ಅತ್ತೆ ವ್ಯಾನಿನಿಂದ ಇಳಿದದ್ದು

ಐರ್ಲೆಂಡಿನ ಲಿಮೆರಿಕ್‌ನ ನಮ್ಮ ಮನೆಯಲ್ಲಿ ಎರಡು ವರ್ಷ ನಾನು ಮಾಡಿದ ಮುಖ್ಯ ಕೆಲಸವೆಂದರೆ ಮಗಳ ಉಸಿರು ಕಾದದ್ದು. ಎಂಟು ವರ್ಷದ ಅವಳಿಗೆ ಚಿಕ್ಕಂದಿನಿಂದ ಆಸ್ತಮಾ. ಕೊರೋನಾ ಬಂದ ಮೇಲಂತೂ ಅವಳು ಕೆಮ್ಮಿದರೆ ರಾತ್ರಿಯಿಡೀ ಪಕ್ಕದಲ್ಲೇ ಕೂತಿರುತ್ತಿದ್ದೆ. ಮೂರು ತಿಂಗಳಿಗೆಂದು ಉಡುಪಿಯಿಂದ ಬಂದ ಅತ್ತೆ, ವಿಮಾನ ಸಂಚಾರ ನಿಂತು ನಮ್ಮಲ್ಲೇ ಉಳಿದಿದ್ದರು. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ನಿಯಮವಿದ್ದಾಗ ಅಜ್ಜಿ ಮೊಮ್ಮಗಳು ಟೀವಿಯಲ್ಲಿ ಸಿಂಹ ನೋಡುತ್ತಾ ದಿನ ಕಳೆದರು. ನಿರ್ಬಂಧ ಸಡಿಲವಾದದ್ದೇ ತಡ, ನನ್ನ ಗಂಡ ಕೀನ್ಯಾಕ್ಕೆ ಟಿಕೆಟ್ ಮಾಡಿಸಿದರು. ನಾನು ಬೇಡವೆಂದೆ. ನನ್ನ ಮಾತು ಯಾರು ಕೇಳುತ್ತಾರೆ?

ಐರ್ಲೆಂಡಿನ ಚಳಿಗೆ ಒಗ್ಗಿದ ನಮಗೆ ಆ ಬಿಸಿಲು ತಡೆಯುವಂತಿರಲಿಲ್ಲ. ಸಫಾರಿ ವ್ಯಾನಿನ ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಧೂಳು. ಮಧ್ಯಾಹ್ನ ಒಂದು ಮರದ ನೆರಳಲ್ಲಿ ಸಿಂಹಿಣಿ ಕಂಡಿತು. ನಾವು ನೋಡುತ್ತಿದ್ದಂತೆ ಎದ್ದು ಎತ್ತರದ ಹುಲ್ಲಿನೊಳಗೆ ಹೋಯಿತು. ಅದು ಮತ್ತೆ ಹೊರಬರಲೆಂದು ಡ್ರೈವರ್ ಎಂಜಿನ್ ಆರಿಸಿ ಕಾದ. ಅಷ್ಟರಲ್ಲಿ ಮಗಳ ಎದೆಯೊಳಗೆ ಸಣ್ಣಗೆ ಸೀಟಿ ಹೊಡೆದಂಥ ಸದ್ದು ಶುರುವಾಯಿತು.

"ಐಯಾಮ್ ಗ್ರ್ಯಾಂಡ್, ಅಮ್ಮಾ," ಅಂದಳು, ಚೆನ್ನಾಗಿದ್ದೇನೆ ಎನ್ನುವ ಐರಿಷ್ ಮಾತಿನಲ್ಲಿ. ಮುಖ ಬಿಳಿಚಿಕೊಂಡಿತ್ತು.

ಇನ್ಹೇಲರ್ ಇದ್ದ ಬಟ್ಟೆಚೀಲ ಅತ್ತೆಯ ತೊಡೆಯ ಮೇಲಿತ್ತು. ನಾನು ಕೈ ಚಾಚುವ ಮೊದಲೇ ಅವರ ಕಿಟಕಿಯ ಕೆಳಗೆ ದೊಡ್ಡದೊಂದು ಬಬೂನ್ ಮಂಗ ಬಂದು ಕೂತಿತು. ಊರಲ್ಲಿ ಮಂಗಗಳಿಗೆ ಹಣ್ಣು ಕೊಡದೆ ದೇವಸ್ಥಾನದೊಳಗೆ ಕಾಲಿಟ್ಟವರಲ್ಲ ಅತ್ತೆ.

"ಬಾ ಹನುಮಪ್ಪ," ಎಂದು ಚೀಲದಿಂದ ಬಾಳೆಹಣ್ಣು ತೆಗೆದು ನೀಡಿದರು. ಅದು ಹಣ್ಣು ಬಿಟ್ಟು ಚೀಲವನ್ನೇ ಕಿತ್ತುಕೊಂಡು ಓಡಿತು. ದಾರಿ ಪಕ್ಕದ ಕೊರಕಲಿನ ಆಚೆ ಕೂತು, ಒಳಗಿದ್ದದ್ದನ್ನೆಲ್ಲ ಎಸೆಯುತ್ತಾ ಹಣ್ಣು ಹುಡುಕಿತು. ನೀಲಿ ಇನ್ಹೇಲರ್ ಸಿಂಹಿಣಿ ಹೊಕ್ಕ ಹುಲ್ಲಿನ ಅಂಚಿನಲ್ಲಿ ಬಿತ್ತು. ಇನ್ನೊಂದಿದ್ದದ್ದು ಲಾಡ್ಜಿನಲ್ಲಿ, ಒಂದು ಗಂಟೆಯ ದಾರಿ.

ವ್ಯಾನ್ ಸುತ್ತುಹಾಕಿಸಿ ಆಚೆ ಹೋಗುತ್ತೇನೆ, ಯಾರೂ ಇಳಿಯಬೇಡಿ ಎಂದ ಡ್ರೈವರ್. ಮಗಳ ಭುಜ ಒಂದೊಂದು ಉಸಿರಿಗೂ ಮೇಲೇಳುತ್ತಿತ್ತು.

"ನಿಮ್ಮಿಂದಲೇ ಆಗಿದ್ದು ಇದು," ಅಂದೆ ಅತ್ತೆಗೆ. "ಇವಳಿಗೆ ಏನಾದ್ರೂ ಆದ್ರೆ ನಿಮ್ಮ ಮುಖ ನೋಡಲ್ಲ ನಾನು."

ಹಣ್ಣಿನ ಚೀಲಕ್ಕೇ ಇನ್ಹೇಲರ್ ಹಾಕಿದ್ದವಳು ನಾನು. ಅದು ಗೊತ್ತಿದ್ದೇ ಅಷ್ಟು ಜೋರಾಗಿ ಬೈದೆ.

ಅತ್ತೆ ಬಾಗಿಲು ಸರಿಸಿ ಇಳಿದೇಬಿಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅರವತ್ತೆಂಟರ ಮಂಡಿನೋವಿನ ಕಾಲಲ್ಲಿ ಕೊರಕಲಿಗೆ ಇಳಿದು ಆಚೆ ಹತ್ತಿದರು. ಡ್ರೈವರ್ ಕೂಗಿದ. ಗಂಡ "ಅಮ್ಮಾ, ವಾಪಸ್ ಬಾ" ಎನ್ನುತ್ತಾ ಹಿಂದೆಯೇ ಹಾರಿದರು. ಉಸಿರು ಸಾಲದ ಮಗಳು ಕೂಡ "ಅಜ್ಜಿ" ಅಂದಳು. ಬಬೂನ್ ಹಲ್ಲು ತೋರಿಸಿ ಹಿಂದೆ ಸರಿಯಿತು. ಅತ್ತೆ ಇನ್ಹೇಲರ್ ಎತ್ತಿಕೊಂಡಾಗ ಹುಲ್ಲು ಅಲ್ಲಾಡಿತು. ಗಾಳಿಯೋ, ಸಿಂಹಿಣಿಯೋ, ಇವತ್ತಿಗೂ ಗೊತ್ತಿಲ್ಲ.

ಅತ್ತೆ ತಂದುಕೊಟ್ಟ ಇನ್ಹೇಲರನ್ನು ಎರಡು ಸಲ ಒತ್ತಿ ಎಳೆದುಕೊಂಡ ಮೇಲೆ, ಹತ್ತು ನಿಮಿಷದಲ್ಲಿ ಮಗಳ ಉಸಿರು ಹಿಡಿತಕ್ಕೆ ಬಂತು. ಲಾಡ್ಜ್ ತಲುಪುವವರೆಗೂ ಗಂಡ ತಾಯಿಗೆ ಬೈಯುತ್ತಲೇ ಇದ್ದರು. ಅತ್ತೆ ಅಂಗೈಯ ಮುಳ್ಳು ಕೀಳುತ್ತಿದ್ದರು.

ಅವರು ಇಳಿದಾಗ ಎಲ್ಲರೂ ಅವರನ್ನು ವಾಪಸ್ ಕರೆದರು. ನಾನೊಬ್ಬಳು ಕರೆಯಲಿಲ್ಲ. ಅದು ಅವರಿಗೂ ಗೊತ್ತು.