ಗನಿ ಚಾಚಾರ ಪಾತರಗಿತ್ತಿಗಳು

ಗನಿ ಚಾಚಾರ ಬೆವರು ಕುಡಿಯಲು ಪಾತರಗಿತ್ತಿಗಳು ಬರುತ್ತಿದ್ದವು.

ನಾನು ಮೊದಲ ಸಲ ಈ ನೋಟ ಕಂಡಾಗ ಅದೇನೆಂದು ನನಗೆ ತಿಳಿಯಲಿಲ್ಲ. ದಾಂಡೇಲಿಯ ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಬಂದು, ಅಂಬೇವಾಡಿಯಲ್ಲಿ ಬಾಡಿಗೆ ಮನೆ ಹಿಡಿದು ಎರಡು ದಿನವಾಗಿತ್ತು. ಏಪ್ರಿಲ್ ತಿಂಗಳು. ಹಿತ್ತಿಲಲ್ಲಿ ಬಟ್ಟೆ ಹಾಕುತ್ತಿದ್ದಾಗ ಪಕ್ಕದ ಮನೆಯ ಗೋಡೆಯಾಚೆ ವಯಸ್ಸಾದವರೊಬ್ಬರು ಬನಿಯನ್ ತೊಟ್ಟು ಸ್ಟೂಲಿನ ಮೇಲೆ ಕೂತಿದ್ದರು. ಬಲಗೈಯನ್ನು ಮೊಣಕಾಲ ಮೇಲೆ ಚಾಚಿ, ತುಸು ಬಾಯಿ ತೆರೆದು, ಕಣ್ಣು ಮಿಟುಕಿಸದೆ ಕೂತಿದ್ದರು. ನಾನು ನಾಲ್ಕು ಸೀರೆ ಒಣಹಾಕಿ ಮುಗಿಸಿದರೂ ಅವರು ಹಾಗೆಯೇ ಇದ್ದರು. ಲಕ್ವಾ ಹೊಡೆದಿದೆ ಎಂದುಕೊಂಡೆ. "ಅಜ್ಜಾರ, ಹುಷಾರದೀರೇನು?" ಎಂದು ಎರಡು ಸಲ ಕೂಗಿದೆ. ಉತ್ತರವಿಲ್ಲ. ಗಾಬರಿಯಿಂದ ಅವರ ಮುಂಬಾಗಿಲಿಗೆ ಓಡಿದೆ.

ಬಾಗಿಲು ತೆರೆದ ಅವರ ಹೆಂಡತಿ ಹಲೀಮಾ ಚಾಚಿ ನನ್ನನ್ನು ಸಮಾಧಾನವಾಗಿ ನೋಡಿದರು. "ಏನೂ ಆಗಿಲ್ರಿ. ಕೈಮ್ಯಾಲ ಮೆಹಮಾನ್ ಬಂದಾರ. ಅವು ಎದ್ದು ಹೋಗೂತನಕ ಇವರು ಏಳಂಗಿಲ್ಲ. ನಾ ಮಾಡಿದ ಚಾ ಎರಡು ಸಲ ಆರೈತಿ."

ಹತ್ತಿರ ಹೋಗಿ ನೋಡಿದರೆ ಅವರ ಮುಂಗೈಯ ಮೇಲೆ ಹಸಿರು-ನೀಲಿ ಪಟ್ಟಿಯ ಒಂದು ಪಾತರಗಿತ್ತಿ ಕೂತಿತ್ತು. ಗಡಿಯಾರದ ಸ್ಪ್ರಿಂಗಿನಂಥ ತನ್ನ ನಾಲಿಗೆ ಬಿಚ್ಚಿ, ಕೂದಲುಗಳ ನಡುವೆ ಉಪ್ಪು ಹುಡುಕುತ್ತಿತ್ತು. ಅದು ಹಾರಿಹೋದ ಮೇಲೆ ಚಾಚಾ ಕೈ ಜಾಡಿಸಿಕೊಂಡು ನನ್ನತ್ತ ತಿರುಗಿ, "ಯಾರ್ರೀ ನೀವು?" ಎಂದರು.

ಗನಿ ಚಾಚಾ ಊರಿನ ಕಾಗದದ ಗಿರಣಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಿವೃತ್ತರಾಗಿದ್ದರು. ಗಿಡ್ಡ ಆಳು, ಬೊಕ್ಕತಲೆ, ಮೆಹಂದಿ ಹಚ್ಚಿದ ಕೆಂಪು ಗಡ್ಡ. ಸಣ್ಣವರಿದ್ದಾಗ ಬಂದ ಜ್ವರದಲ್ಲಿ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರೆಬರೆ ಉಳಿದಿತ್ತು. ಬಲಗಡೆ ನಿಂತು ಕೂಗಿ ಮಾತಾಡಿದರೆ ಕೇಳುತ್ತಿತ್ತು. ಈ ಬಗ್ಗೆ ಅವರಿಗೆ ಬೇಜಾರೇನೂ ಇರಲಿಲ್ಲ. "ಮಿಲ್ಲಿನಾಗ ಮಷಿನ್ ಚಾಲೂ ಆದ್ರ ಎಲ್ಲಾರೂ ಕಿವುಡರ. ಕೈಸನ್ನಿ ಮಾಡೂದು, ಬಾಯಿ ನೋಡೂದು. ನಾ ಬ್ಯಾರೆ ಅಂತ ಯಾರಿಗೂ ಅನಿಸಲೇ ಇಲ್ಲ" ಎನ್ನುತ್ತಿದ್ದರು.

ದಾಂಡೇಲಿಗೆ ದೊಡ್ಡ ಕ್ಯಾಮೆರಾ ಹೊತ್ತು ಬರುವವರೆಲ್ಲ ಹಕ್ಕಿ ನೋಡಲು ಬರುತ್ತಾರೆ. ನೀವೇಕೆ ಹಕ್ಕಿ ಬಿಟ್ಟು ಪಾತರಗಿತ್ತಿಗಳ ಬೆನ್ನು ಹತ್ತಿದಿರಿ ಎಂದು ನಾನೊಮ್ಮೆ ಕೇಳಿದೆ.

"ಹಕ್ಕಿ ನೋಡಾಕ ಮೊದಲ ಕಿವಿ ಬೇಕ್ರಿ ಅಕ್ಕೋರ. ಎಲ್ಲೆ ಕೂಗತೈತಿ ಅಂತ ಗೊತ್ತಾದ ಮ್ಯಾಲ ಕಣ್ಣು ಆ ಕಡೆ ಹೋಗೂದು. ಪಾತರಗಿತ್ತಿದು ಹಂಗಲ್ಲ. ಅದೂ ಮಾತಾಡಂಗಿಲ್ಲ, ನನಗೂ ಕೇಳಂಗಿಲ್ಲ. ನಮ್ಮಿಬ್ಬರದು ಬರಾಬರ್ ಐತಿ."

ಪುಸ್ತಕದ ಹೆಸರುಗಳು ಅವರಿಗೆ ಗೊತ್ತಿರಲಿಲ್ಲ. ತಮ್ಮದೇ ಹೆಸರು ಇಟ್ಟುಕೊಂಡಿದ್ದರು, ಅವೆಲ್ಲ ಗಿರಣಿಯಿಂದ ಬಂದವು. ಬೆಳಗಿನ ಎಳೆಬಿಸಿಲಿಗೆ ಹಾರುವವು ಫಸ್ಟ್ ಶಿಫ್ಟಿನವು. ಬಿಸಿಲು ಬಲಿತ ಮೇಲೆ ಬರುವವು ಜನರಲ್ ಶಿಫ್ಟು. ಒಂದು ಕಡೆ ನಿಲ್ಲದೆ ಹೂವಿನಿಂದ ಹೂವಿಗೆ ಜಿಗಿಯುವ ಸಣ್ಣ ಕಂದು ಬಣ್ಣದ್ದು ಸುಪರ್ವೈಸರ್. ರೆಕ್ಕೆ ಮುಚ್ಚಿದರೆ ಒಣ ಎಲೆಯಂತೆ ಕಾಣುವ ಇನ್ನೊಂದಕ್ಕೆ 'ಗೈರುಹಾಜರಿ' ಎನ್ನುತ್ತಿದ್ದರು. "ಎದುರಿಗೇ ಕುಂತಿರತೈತಿ. ಹಾಜರಿ ಹಾಕಾಕ ಹೋದ್ರ ಇಲ್ಲ." ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಬಂದ ನಾನು ಲ್ಯಾಟಿನ್ ಹೆಸರು ಹೇಳಿದರೆ ಅವರು ಮರ್ಯಾದೆಯಿಂದ ತಲೆಯಾಡಿಸುತ್ತಿದ್ದರು. ಮರುದಿನ ಅದನ್ನು ಮತ್ತೆ ಸುಪರ್ವೈಸರ್ ಎಂದೇ ಕರೆಯುತ್ತಿದ್ದರು.

ಬಂದ ಹೊಸತರಲ್ಲಿ ನಾನು ಕುಂಡದಲ್ಲಿ ಒಂದು ನಿಂಬೆಗಿಡ ಇಟ್ಟಿದ್ದೆ. ಅದರ ಚಿಗುರೆಲ್ಲ ಮಾಯವಾಗತೊಡಗಿತು. ನೋಡಿದರೆ ಹಸಿರು ಹುಳಗಳು. ಔಷಧದ ಬಾಟಲಿ ಹಿಡಿದು ನಿಂತಿದ್ದೆ, ಗೋಡೆಯ ಮೇಲಿಂದ ಚಾಚಾರ ತಲೆ ಕಂಡಿತು.

"ಅಕ್ಕೋರ, ಹೊಡೀಬ್ಯಾಡ್ರಿ. ಪಾತರಗಿತ್ತಿ ಮರಿ ಅವು. ಎಷ್ಟದಾವ?"

"ಐದು."

"ಐದೂ ಈ ಕಡೆ ಕೊಡ್ರಿ. ನಮ್ಮ ಕಡೆ ಮೂರು ನಿಂಬಿಗಿಡ ಅದಾವ, ಅವಕ್ಕಂತ ಹಚ್ಚೇನಿ. ನಿಮಗ ಹಣ್ಣು ಬೇಕಂದ್ರ ಸಂತ್ಯಾಗಿಂದ ತಂದು ಕೊಡತೇನಿ."

ನಿಂಬೆಯ ಗಿಡಗಳನ್ನು ಹಣ್ಣಿಗಲ್ಲದೆ ಹುಳಕ್ಕಾಗಿ ಬೆಳೆಸುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹುಳವನ್ನು ಎಲೆಸಮೇತ ಎತ್ತುವಾಗ ಅದು ತಲೆಯಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಹೊರಚಾಚಿ ಘಾಟು ವಾಸನೆ ಬಿಟ್ಟಿತು. ಚಾಚಾ ಅದಕ್ಕೆ, "ಆತಪ್ಪ ಆತು, ಸಿಟ್ಟು ಮಾಡಬ್ಯಾಡ" ಎಂದರು. ಅಂದಿನಿಂದ ಪ್ರತಿ ಗುರುವಾರ ಹಲೀಮಾ ಚಾಚಿ ನಾಲ್ಕು ನಿಂಬೆಹಣ್ಣು ಕಳಿಸುವುದನ್ನು ತಪ್ಪಿಸಲಿಲ್ಲ.

ಎರಡನೆಯ ವರ್ಷ ನಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ನಡೆಯಿತು. ನಾನು ಕಾಲೇಜಿನಲ್ಲಿ ಕಲಿತಂತೆ ಕೀಟಗಳ ಪೆಟ್ಟಿಗೆ ಮಾಡಿಸಿದೆ. ಥರ್ಮಾಕೋಲಿನ ಮೇಲೆ ಇಪ್ಪತ್ತೆಂಟು ಪಾತರಗಿತ್ತಿಗಳು, ಪ್ರತಿಯೊಂದರ ಕೆಳಗೆ ಅಚ್ಚುಕಟ್ಟಾದ ಹೆಸರು. ನಡುವಿನ ಜಾಗದಲ್ಲಿ ಅಂಗೈಯಗಲದ, ಕಪ್ಪು ಮೈಗೆ ನೀಲಿ ಮಸಿ ಚೆಲ್ಲಿದಂಥ ದೊಡ್ಡದೊಂದು. ಅದನ್ನು ಸೊಳ್ಳೆಪರದೆಯ ಬಲೆಯಿಂದ ನನ್ನ ಮನೆಯ ಗೇಟಿನ ಬಳಿ ನಾನೇ ಹಿಡಿದಿದ್ದೆ. ಚಾಚಾರಿಗೆ ತೋರಿಸಬೇಕೆಂದು ಹುಮ್ಮಸ್ಸಿನಿಂದ ಕರೆಸಿಕೊಂಡೆ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು.

ಪೆಟ್ಟಿಗೆಯ ಮೇಲೆ ಬಾಗಿ ಬಹಳ ಹೊತ್ತು ನೋಡಿದರು. ನಾನು ಅವರ ಬಲಗಿವಿಯ ಬಳಿ ಹೋಗಿ, "ನಡುವಿಂದು ನಾನ ಹಿಡದದ್ದು ಚಾಚಾ" ಎಂದೆ.

"ಭಾಳ ಚೊಲೋ ಹಿಡದೀರಿ. ರೆಕ್ಕಿದು ಒಂಚೂರು ಪುಡಿ ಉದುರಿಲ್ಲ" ಎಂದರು. ಗಾಜಿನ ಮೇಲೆ ಬೆರಳಿಟ್ಟರು. "ಇಲ್ಲೆ ಎಡಗಡಿ ರೆಕ್ಕಿ ತುದಿ ಹರದೈತಲ್ಲ, ಅದು ನಿಮ್ಮಿಂದ ಆಗಿದ್ದಲ್ಲ. ಮೊದಲ ಹರದಿತ್ತು."

ನನಗೆ ಅರ್ಥವಾಗಲಿಲ್ಲ.

"ಒಂಬತ್ತು ದಿವಸ ನಮ್ಮ ಹಿತ್ತಲಕ್ಕ ಬಂದಿತ್ತು. ನಾಕು ದಿವಸ ಆತು, ಬಂದಿದ್ದಿಲ್ಲ. ಎಲ್ಲಿ ಹೋತು ಅಂತ ದಾರಿ ನೋಡಾಕತ್ತಿದ್ದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಣೆಯಾದವರೊಬ್ಬರ ಪತ್ತೆ ಸಿಕ್ಕಿತಲ್ಲ ಎನ್ನುವಂತೆ ಹೇಳಿದರು. ಮಕ್ಕಳು ಕೊಟ್ಟ ಶರಬತ್ತು ಕುಡಿದು, ಅವರ ತಲೆ ಸವರಿ, ಮನೆಗೆ ಹೋದರು.

ಆಮೇಲೆ ನಮ್ಮಿಬ್ಬರ ನಡುವೆ ಜಗಳವೇನೂ ಆಗಲಿಲ್ಲ. ಗುರುವಾರದ ನಿಂಬೆಹಣ್ಣೂ ಬಂತು. ಆದರೆ ಬೆಳಿಗ್ಗೆ ಗೋಡೆಯಾಚೆಯಿಂದ "ಅಕ್ಕೋರ, ಲಗೂನ ಬರ್ರಿ, ಹೊಸಾದು ಬಂದೈತಿ" ಎಂಬ ಕೂಗು ನಿಂತುಹೋಯಿತು. ಆ ಕೂಗಿಗೆ ನಾನು ಎಷ್ಟು ಒಗ್ಗಿಹೋಗಿದ್ದೆನೆಂದು ನನಗೆ ಗೊತ್ತಿರಲಿಲ್ಲ. ಒಲೆಯ ಮುಂದೆ ನಿಂತಾಗಲೂ ಕಿವಿ ಆ ಕಡೆಗೇ ಇರುತ್ತಿತ್ತು. ಹನ್ನೊಂದು ದಿನ ತಡೆದೆ. ಹನ್ನೆರಡನೆಯ ದಿನ ಪೆಟ್ಟಿಗೆಯನ್ನು ಎತ್ತಿಕೊಂಡು ಅವರ ಹಿತ್ತಿಲಿಗೆ ಹೋದೆ.

"ತಪ್ಪಾತು ಚಾಚಾ. ಇದನ್ನ ಏನು ಮಾಡ್ಲಿ? ಚೆಲ್ಲಿಬಿಡ್ಲೇನು?"

ಅವರು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು. "ಸತ್ತದ್ದನ್ನ ಯಾಕ ಚೆಲ್ಲತೀರಿ? ಮಕ್ಕಳಿಗೆ ತೋರಸ್ರಿ. ಆದ್ರ ಬರೇ ಸತ್ತದ್ದನ್ನ ತೋರಿಸಿ ಬಿಡಬ್ಯಾಡ್ರಿ."

"ಹಂಗಂದ್ರ ನೀವ ಬಂದು ತೋರಸ್ರಿ."

ಮೊದಲು ಒಪ್ಪಲಿಲ್ಲ. ನಾಲ್ಕನೆಯ ಇಯತ್ತೆ ಓದಿದವನು, ಕಿವುಡ, ಮಕ್ಕಳು ನಗುತ್ತಾರೆ ಎಂದರು. ಒಳಗಿನಿಂದ ಬಂದ ಹಲೀಮಾ ಚಾಚಿ ಅವರ ಬಲಗಿವಿಗೆ ಬಾಗಿ, "ನಗಲಿ ಬಿಡ್ರಿ. ನಿಮಗ ಹೆಂಗೂ ಕೇಳಸಂಗಿಲ್ಲ" ಎಂದರು. ಚಾಚಾ ನಕ್ಕು, ಬರುತ್ತೇನೆಂದು ತಲೆಯಾಡಿಸಿದರು.

ವಾರ್ಷಿಕ ಪರೀಕ್ಷೆ ಮುಗಿದ ಮೇಲಿನ ಭಾನುವಾರ, ಅರಣ್ಯ ಇಲಾಖೆಯ ಪರವಾನಗಿ ಪಡೆದು ಎಂಟನೆಯ ತರಗತಿಯ ಇಪ್ಪತ್ತು ಮಕ್ಕಳೊಂದಿಗೆ ಜೋಯಿಡಾ ಕಡೆಯ ಒಂದು ಗುಡ್ಡದ ಹಾದಿಗೆ ಹೋದೆವು. ಎಪ್ಪತ್ತರ ಹತ್ತಿರದ ಚಾಚಾ ಎಲ್ಲರಿಗಿಂತ ಮುಂದೆ. ಏರು ಹತ್ತಿ ಇಳಿದರೆ ಬೇಸಿಗೆಗೆ ಸೊರಗಿದ ಒಂದು ಹಳ್ಳ. ದಾರಿಯುದ್ದಕ್ಕೂ ಮುಖ, ಕುತ್ತಿಗೆ ಒರೆಸಿಕೊಂಡ ಟವೆಲನ್ನು ಚಾಚಾ ಒದ್ದೆ ಮರಳಿನ ಮೇಲೆ ಹಾಸಿದರು. ಅದರ ಪಕ್ಕ ತಾವೂ ಹಳ್ಳಕ್ಕೆ ಬೆನ್ನು ಕೊಟ್ಟು ಕೂತು, ಮಕ್ಕಳನ್ನು ಎದುರಿಗೆ ಕೂರಿಸಿಕೊಂಡರು.

"ಈಗ ಯಾರೂ ಅಳ್ಳಾಡಬ್ಯಾಡ್ರಿ. ನೀವು ಕಲ್ಲು. ಕಲ್ಲು ನಗಂಗಿಲ್ಲ."

ಮೊದಲ ಹತ್ತು ನಿಮಿಷ ಕಲ್ಲುಗಳು ನಕ್ಕವು, ಕೆಮ್ಮಿದವು, ಒಂದನ್ನೊಂದು ಚಿವುಟಿದವು. ಆಮೇಲೆ ಒಂದು ಬಿಳಿ ಪಾತರಗಿತ್ತಿ ಬಂದು ಟವೆಲಿನ ಮೇಲೆ ಕೂತಿತು. ಹಿಂದೆಯೇ ಮೂರು, ಹತ್ತು. ನೋಡುತ್ತಿದ್ದಂತೆ ಹಳದಿ, ಬಿಳಿ, ನೀಲಿ ಪಟ್ಟಿಯವು ಒಂದಕ್ಕೊಂದು ಮೈ ತಾಗಿಸಿ ಟವೆಲಿನ ಬಣ್ಣವೇ ಕಾಣದಂತೆ ಕೂತವು. ತರಗತಿಯಲ್ಲಿ ಒಂದು ನಿಮಿಷ ಬಾಯಿ ಮುಚ್ಚದ ಮಕ್ಕಳು ಉಸಿರು ಹಿಡಿದಿದ್ದರು.

ಆಗಲೇ ಹಳ್ಳದ ಆಚೆಯ ಬಿದಿರು ಸರಿಯಿತು. ಒಂದು ಕಾಡುಕೋಣ ನೀರಿಗೆ ಇಳಿದು ಬಂತು. ಚಾಚಾರ ಬೆನ್ನಿಗೂ ಅದಕ್ಕೂ ನಡುವೆ ನಮ್ಮ ತರಗತಿಯ ಕೋಣೆಯ ಉದ್ದದಷ್ಟು ಜಾಗವಿತ್ತು. ಅದು ಮೂಗಿನಿಂದ ಜೋರಾಗಿ ಉಸಿರು ಬಿಟ್ಟಿತು. ನಮಗೆಲ್ಲ ಕೇಳಿತು, ಅವರೊಬ್ಬರಿಗೆ ಬಿಟ್ಟು. ಕೂಗಿದರೆ ಪ್ರಾಣಿ ಬೆದರುತ್ತದೆ, ಕೂಗದಿದ್ದರೆ ಅವರಿಗೆ ತಿಳಿಯುವುದಿಲ್ಲ. ಇಪ್ಪತ್ತು ಮಕ್ಕಳು ನನ್ನ ಮುಖ ನೋಡುತ್ತಿದ್ದರು.

ಕೋಣ ಇನ್ನೊಂದು ಹೆಜ್ಜೆ ಇಟ್ಟಾಗ ನೀರು ಅಲುಗಿ, ಟವೆಲಿನ ಮೇಲಿನ ಪಾತರಗಿತ್ತಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಚಾಚಾ ಅವುಗಳನ್ನು ನೋಡಿದರು. ಆಮೇಲೆ ನಮ್ಮ ಮುಖಗಳನ್ನು ನೋಡಿದರು. ಹಿಂದೆ ತಿರುಗಲಿಲ್ಲ. ಅಂಗೈಯನ್ನು ನಿಧಾನವಾಗಿ ನಮ್ಮತ್ತ ಎತ್ತಿ, ಹಾಗೇ ಇರಿ ಎಂದು ಸನ್ನೆ ಮಾಡಿದರು. ಮಕ್ಕಳು ಹಾಗೇ ಇದ್ದರು. ಕೋಣ ತನಗೆ ಬೇಕಾದಷ್ಟು ನೀರು ಕುಡಿಯಿತು, ತಲೆಯೆತ್ತಿ ನಮ್ಮನ್ನು ನೋಡಿತು, ಬಂದ ದಾರಿಯಲ್ಲೇ ಹೋಯಿತು.

"ಅಜ್ಜಾ, ನಿಮಗ ಹೆದರಿಕಿ ಬರಲಿಲ್ಲೇನ್ರಿ?" ಒಬ್ಬಳು ಹುಡುಗಿ ಕೇಳಿದಳು.

"ಯಾಕ ಬರಂಗಿಲ್ಲ? ನೋಡಿಲ್ಲೆ" ಎಂದು ಚಾಚಾ ಪೈಜಾಮ ಎತ್ತಿ ಮೊಣಕಾಲು ತೋರಿಸಿದರು. ಎರಡೂ ಕಾಲು ಗಡಗಡ ನಡುಗುತ್ತಿದ್ದವು. ಮಕ್ಕಳು ನಕ್ಕರು. ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ನನ್ನನ್ನು ಕೂಗಿದರು.

ಅಲ್ಲಿಂದ ಆರು ವರ್ಷ ನಾನು ಅವರ ನೆರೆಮನೆಯವಳಾಗಿದ್ದೆ. ನಂತರ ನನಗೆ ಹಳಿಯಾಳಕ್ಕೆ ವರ್ಗವಾಯಿತು. ಹಲೀಮಾ ಚಾಚಿ ತೀರಿಕೊಂಡರು. ಸಕ್ಕರೆ ಕಾಯಿಲೆ ಚಾಚಾರ ಕಣ್ಣಿಗಿಳಿದು, ಬೆಳಕು-ನೆರಳು ಬಿಟ್ಟರೆ ಬೇರೇನೂ ಕಾಣದಂತಾಯಿತು. ಮಗಳು ಅವರನ್ನು ಮುಂಡಗೋಡದ ತನ್ನ ಮನೆಗೆ ಕರೆದುಕೊಂಡು ಹೋದಳು. ಬಹಳ ಪ್ರೀತಿಯಿಂದ ನೋಡಿಕೊಂಡಳು. ಕಳೆದ ಮಳೆಗಾಲದಲ್ಲಿ ಅವರು ಹೋದ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದವಳೂ ಅವಳೇ. "ನಿಮ್ಮ ಹೆಸರು ತಗೀತಿದ್ರು ಅಕ್ಕೋರ" ಎಂದಳು.

ಅದಕ್ಕೆ ಮೂರು ತಿಂಗಳ ಮೊದಲು, ಏಪ್ರಿಲಿನಲ್ಲಿ, ನಾನು ಅವರನ್ನು ನೋಡಿ ಬಂದಿದ್ದೆ. ಮನೆಯ ಹಿಂದಿನ ಅಂಗಳಕ್ಕೆಲ್ಲ ಸಿಮೆಂಟು ಹಾಕಿದ್ದರು. ಒಂದು ನೀರಿನ ಟಾಕಿ, ಬಟ್ಟೆಯ ತಂತಿ, ಪಾತ್ರೆ ತೊಳೆಯುವ ಕಲ್ಲು. ಮಾಡಿನ ಕೆಳಗೆ ಚಾಚಾ ಕುರ್ಚಿಯಲ್ಲಿ ಕೂತಿದ್ದರು. ನನ್ನ ಕೈ ಮುಟ್ಟಿ ನೋಡಿ ಗುರುತು ಹಿಡಿದರು. ಬಲಗಡೆ ಸ್ಟೂಲು ಎಳೆದುಕೊಂಡು ಕೂತೆ.

"ಚೊಲೋ ಆತು, ಬಂದ್ರಿ. ಇವರಿಗೆ ಯಾರಿಗೂ ನೋಡಾಕ ಬರಂಗಿಲ್ಲ. ಏನೇನು ಬಂದಾವ ಹೇಳ್ರಿ."

ಅಂಗಳದಲ್ಲಿ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಹಾಗೆಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಅವರ ಕಿವಿಗೆ ಬಾಯಿಟ್ಟು, "ಒಂದು ದೊಡ್ಡದು ಬಂದೈತಿ ಚಾಚಾ. ಕರೀದು, ಹಳದಿ ಪಟ್ಟಿ ಐತಿ" ಎಂದು ಕೂಗಿದೆ.

"ಎಲ್ಲೆ ಕುಂತೈತಿ?"

"ದಾಸವಾಳದ ಮ್ಯಾಲ."

ಚಾಚಾ ಗಡ್ಡದೊಳಗೇ ನಕ್ಕರು. "ನಮ್ಮ ಮಗಳ ಮನ್ಯಾಗ ದಾಸವಾಳ ಇಲ್ರಿ ಅಕ್ಕೋರ."

ನಾನು ತಲೆ ತಗ್ಗಿಸಿದೆ. ಅದೂ ಅವರಿಗೆ ಕಾಣುವಂತಿರಲಿಲ್ಲ.

"ಇಲ್ಲಂದ್ರ ಇಲ್ಲ ಅನ್ರಿ" ಎಂದರು ಮೆಲ್ಲಗೆ. "ಅದರಾಗೇನು ತಪ್ಪೈತಿ? ಬರೂತನಕ ಕುಂಡ್ರೂಣು."

ಕೂತೆವು. ಮಗಳು ಚಹಾ ತಂದಿಟ್ಟು ಹೋದಳು. ಅರ್ಧ ಗಂಟೆ ಕಳೆಯಿತು, ನಾನು ಹಿಡಿಯಬೇಕಿದ್ದ ಬಸ್ಸಿನ ಹೊತ್ತೂ ಮೀರಿತು. ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಬಚ್ಚಲ ನೀರು ಹರಿದು ಒದ್ದೆಯಾಗಿದ್ದ ಗೋಡೆಯ ಮೂಲೆಗೆ, ಉಗುರಿನಷ್ಟು ಸಣ್ಣ, ಬೂದು ಬಣ್ಣದ ಒಂದು ಪಾತರಗಿತ್ತಿ ಬಂದು ಇಳಿಯಿತು.

"ಒಂದು ಬಂತು ಚಾಚಾ. ಭಾಳ ಸಣ್ಣದು."

"ಖರೇನು?"

"ಖರೆ. ಬಚ್ಚಲ ಬಾಜೂಕ ಕುಂತೈತಿ."

ಕಾಣದ ಕಣ್ಣುಗಳನ್ನು ಅವರು ಆ ಕಡೆಗೆ ತಿರುಗಿಸಿದರು. ಮುಖ ಅರಳಿತು.

"ರೆಕ್ಕಿ ತಗದೈತೋ, ಮುಚ್ಚೈತೋ?"

"ಮುಚ್ಚೈತಿ."

"ಹಂಗಾರ ತಾಸು ಹೊತ್ತು ಇರತೈತಿ" ಎಂದು ಚಾಚಾ ಕುರ್ಚಿಗೆ ಒರಗಿದರು. "ಇನ್ನೊಂದು ಬಸ್ಸು ಐತಿ. ಕುಂಡರ್ರಿ."