ಫೋಟೋಗೆಂದು ಕೊಂಡ ನೀಲಿ ಅಂಗಿ

ಮೇಲ್ವಿಚಾರಕರೆಲ್ಲರ ಫೋಟೋ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಹೊಸೂರಿನ ನಮ್ಮ ಕಾರ್ಖಾನೆಯವರು ತೀರ್ಮಾನಿಸಿದ್ದು ಕಾರ್ತಿಕ ಮಾಸದಲ್ಲಿ. ಚೌಕಳಿ ಬೇಡ, ಗೀಟು ಬೇಡ, ಅಚ್ಚ ಬಿಳಿ ಬೇಡ, ಒಂದೇ ಬಣ್ಣದ ಅಂಗಿ ಇರಲಿ ಎಂದು ವಾಟ್ಸಾಪಿನಲ್ಲಿ ಸೂಚನೆ ಬಂತು. ನನ್ನ ಬೀರುವಿನಲ್ಲಿ ಇದ್ದದ್ದೆಲ್ಲ ಚೌಕಳಿ. ಮದುವೆಗೆ ಹೊಲಿಸಿದ್ದು ಒಂದಿತ್ತು. ಅದು ಅಚ್ಚ ಬಿಳಿ.

ಹೆಂಡತಿ ಭಾನುವಾರ ನನ್ನನ್ನು ಜವಳಿ ಅಂಗಡಿಗೆ ಎಳೆದುಕೊಂಡು ಹೋದಳು. ಹಳದಿಯಲ್ಲಿ ಕಾಮಾಲೆ ಬಂದವನಂತೆ ಕಾಣುತ್ತೀರಿ, ಹಸಿರು ಹಾಕಿದರೆ ಯಾವುದೋ ಪಕ್ಷಕ್ಕೆ ಸೇರಿದಿರಿ ಅನ್ನುತ್ತಾರೆ ಎಂದು ಒಂದೊಂದನ್ನೇ ತಳ್ಳಿ, ಕೊನೆಗೆ ಗಾಢ ನೀಲಿಯದೊಂದನ್ನು ಆರಿಸಿದಳು. ಅಂಗಡಿಯ ದೀಪದಲ್ಲಿ ಅದು ನೀಲಿಯಾಗಿಯೇ ಇತ್ತು. ಗುಮ್ಮಳಾಪುರದ ನಮ್ಮ ಮನೆ ಜಗುಲಿಗೆ ಬರುವಷ್ಟರಲ್ಲಿ ಕಪ್ಪಾಗಿಬಿಟ್ಟಿತ್ತು.

ಅವರೆಕಾಯಿ ಸುಲಿಯುತ್ತಿದ್ದ ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದು ನೀಲೀನೇನ್ಲಾ? ಕಪ್ಪು ಕಣ್ಲಾ. ಫೋಟೋಗೆ ಯಾರಾನ ಕಪ್ಪಂಗಿ ಹಾಕ್ಕೋತಾರಾ?"

ಇದನ್ನು ನೇವಿ ಬ್ಲೂ ಅನ್ನುತ್ತಾರೆ ಎಂದೆ. ಏನಾದರೂ ಅಂದುಕೊಳ್ಳಲಿ, ಬಣ್ಣ ಕಪ್ಪೇ ಎಂದು ಅವಳು ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಫೋಟೋ ದಿನ ಬೆಳಿಗ್ಗೆ, ಆ ಬಣ್ಣದ ದೋಷ ಹೋಗಲೆಂದು ಅವ್ವ ನನ್ನ ಹಣೆಗೆ ಅಡ್ಡಲಾಗಿ ವಿಭೂತಿ ಬಳಿದೇ ಕಳಿಸಿದಳು. ಅಂದೇ ಬೋಳಿಸಿದರೆ ಮುಖ ಹೊಸದಾಗಿ ಕಾಣುತ್ತದೆಂದು ನಾನು ಅಲ್ಲಿಯವರೆಗೆ ಗಡ್ಡವನ್ನು ಬೆಳೆಯಲು ಬಿಟ್ಟಿದ್ದೆ. ಹೊಸೂರಿನಲ್ಲಿಳಿದು ಬೋಳಿಸಿಕೊಂಡು ನೇರ ಕಂಪನಿಗೆ ಹೋಗುವುದೆಂಬ ಲೆಕ್ಕಾಚಾರ.

ಬಸ್ಸು ಹತ್ತಿದರೆ ಕಂಡಕ್ಟರ್ ಸೀಟಿನಲ್ಲಿದ್ದವನೊಬ್ಬನನ್ನು ಎಬ್ಬಿಸಿ "ಉಕ್ಕಾರುಂಗ ಸಾಮಿ, ಕೂತ್ಕಳಿ" ಎಂದು ನನಗೆ ಸೀಟು ಕೊಡಿಸಿದ. ಕಪ್ಪಂಗಿ, ಗಡ್ಡ, ವಿಭೂತಿ. ಶಬರಿಮಲೆಗೆ ಮಾಲೆ ಹಾಕಿದ್ದೇನೆಂದು ಬಸ್ಸೆಲ್ಲ ನಂಬಿತ್ತು. ಅಲ್ಲವೆಂದು ಹೇಳಬಹುದಿತ್ತು, ಆದರೆ ಆ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದ್ದೇ ಅಪರೂಪ. ಪಕ್ಕದಲ್ಲಿದ್ದ ಮುದುಕರು ಮಾತ್ರ ನನ್ನ ಕಾಲನ್ನೇ ನೋಡುತ್ತಿದ್ದರು. ತಳಿ ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದರು: "ಮಾಲೆ ಹಾಕ್ಕಂಡು ಬೂಟ್ ಹಾಕ್ತಾರಾ ಸಾಮಿ?" ಕಾಲುಗಳನ್ನು ಸೀಟಿನಡಿಗೆ ಎಳೆದುಕೊಂಡು, ಹೊಸೂರಿನವರೆಗೂ ಕಿಟಕಿಯಾಚೆ ನೋಡುತ್ತ ಕುಳಿತೆ.

ಕ್ಷೌರದಂಗಡಿಯಲ್ಲಿ ಕಥೆ ಕೆಟ್ಟಿತು. ಮಾಲೆ ಹಾಕಿದವರಿಗೆ ಕತ್ತಿ ತಾಗಿಸುವುದಿಲ್ಲ ಎಂದು ಅಂಗಡಿಯವನು ಕೈಮುಗಿದ. ನಾನು ಹಾಕಿಯೇ ಇಲ್ಲ ಎಂದೆ. ನಂಬಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಬರಿಯ ಕೊರಳು ತೋರಿಸಿದೆ. ಅವನ ಮುಖ ಕಪ್ಪಿಟ್ಟಿತು.

"ಅಯ್ಯೋ, ವ್ರತದ ನಡುವೇಲಿ ಮಾಲೆ ಬಿಚ್ಚಿಬುಟ್ರಾ ಸಾಮಿ?"

ವಾಟ್ಸಾಪಿನ ಸೂಚನೆಯನ್ನು ಓದಿ ಹೇಳಿದ ಮೇಲೆ ಒಲ್ಲದ ಮನಸ್ಸಿನಿಂದ ಗಡ್ಡ ತೆಗೆದ. ವಿಭೂತಿ ಇದ್ದ ಜಾಗಕ್ಕೆ ಮಾತ್ರ ಕೈ ತಾಗಿಸಲಿಲ್ಲ. ಅದನ್ನು ನಾನೇ ಒರೆಸಿಕೊಂಡೆ.

ಕಂಪನಿಯ ಮೀಟಿಂಗ್ ಕೋಣೆಯಲ್ಲಿ ಫೋಟೋಗ್ರಾಫರ್ ಹುಡುಗಿ ಹಿಂದೆ ಕಪ್ಪು ಪರದೆ ಕಟ್ಟಿದ್ದಳು. ಒಂದು ಫೋಟೋ ತೆಗೆದು ಕ್ಯಾಮೆರಾವನ್ನೇ ನನ್ನತ್ತ ತಿರುಗಿಸಿದಳು. ಕತ್ತಲಲ್ಲಿ ನನ್ನ ತಲೆಯೊಂದೇ ತೇಲುತ್ತಿತ್ತು. ಅಂಗಿ ಬದಲಾಯಿಸದೆ ಆಗುವುದಿಲ್ಲ ಎಂದಳು.

ಅದಾಗಲೇ ಫೋಟೋ ಮುಗಿಸಿದ್ದ ನಮ್ಮ ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿ ತಮ್ಮ ತಿಳಿ ಗುಲಾಬಿ ಅಂಗಿಯನ್ನು ಬಿಚ್ಚಿಕೊಟ್ಟರು. ಅವರದು ದೊಡ್ಡ ಮೈ. ಅದರೊಳಗೆ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ಹುಡುಗಿ ಹಿಂದಿನಿಂದ ಸೆಳೆದು ಸಾಲಾಗಿ ಕ್ಲಿಪ್ಪು ಸಿಕ್ಕಿಸಿದಳು. ಉಸಿರು ಬಿಟ್ಟರೆ ಕ್ಲಿಪ್ಪು ಹಾರುತ್ತಿತ್ತು. ಬಾಗಿಲಾಚೆ ಬನಿಯನ್ನಿನಲ್ಲಿ ನಿಂತಿದ್ದ ಮ್ಯಾನೇಜರ್, ಬೇಗ ಮುಗಿಸ್ರಪ್ಪಾ ಎಂದು ಅವಸರ ಮಾಡುತ್ತಿದ್ದರು.

ವೆಬ್‌ಸೈಟಿನಲ್ಲಿ ಫೋಟೋ ಬಂದ ದಿನ ಮೊಬೈಲನ್ನು ಅವ್ವನ ಕೈಗೆ ಕೊಟ್ಟೆ. ಮಗನನ್ನು ಬಹಳ ಹೊತ್ತು ನೋಡಿದಳು. ಪಕ್ಕದ ಫೋಟೋದಲ್ಲೇ ಮ್ಯಾನೇಜರ್ ಇದ್ದರು.

"ಆಯಪ್ಪಂದೂ ನಿಂದೂ ಒಂದೇ ಅಂಗಿ. ಇದೇನ್ಲಾ ನಿಮ್ಮ ಯೂನಿಫಾರಂ?"

ಹೌದೆಂದುಬಿಟ್ಟೆ. ಕಂಪನಿಯವರಿಗಾದರೂ ಬಣ್ಣ ಗೊತ್ತಾಗುತ್ತದಲ್ಲ ಎಂದು ಅವಳು ನನ್ನ ಹೆಂಡತಿಯ ಕಡೆ ನೋಡಿದಳು.