ನಾಲ್ಕು ಗಂಟೆಯ ಟಾರ್ಪಾಲು

ಸಿಸಿಲಿ ಬಾಯಿಗೆ ಆಕಾಶದ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಡಿಸೆಂಬರಿನ ಬಾನು ತೊಳೆದಿಟ್ಟ ಸ್ಟೀಲ್ ತಟ್ಟೆಯಂತೆ ಹೊಳೆಯುತ್ತಿದ್ದರೂ ಸರಿಯೇ, ಸಂಜೆ ನಾಲ್ಕಾಯಿತೆಂದರೆ ಕಾಫಿ ಒಣಗಿಸುವ ಕಣದ ನಡುವೆ ನಿಂತು ಒಮ್ಮೆ ಮೇಲೆ ನೋಡುವರು, ಮೂಗು ಮುರಿಯುವರು, ಆಮೇಲೆ “ಮುಚ್ಚಿ” ಎನ್ನುವರು. ಆ ಒಂದು ಮಾತಿಗೆ ಹರಡಿದ್ದ ಕಾಫಿಯೆಲ್ಲ ರಾಶಿಯಾಗಿ, ರಾಶಿಯ ಮೇಲೆ ನೀಲಿ ಟಾರ್ಪಾಲು ಬಿದ್ದು, ಅಂಚಿಗೆ ಸಾಲಾಗಿ ಕಲ್ಲು ಕೂರುತ್ತಿದ್ದವು.

ಜಾವಳಿ ಹತ್ತಿರದ ಆ ಎಸ್ಟೇಟಿಗೆ ನಾನು ಲೆಕ್ಕ ಬರೆಯುವ ರೈಟರ್ ಆಗಿ ಸೇರಿದಾಗ ನನಗೆ ಇಪ್ಪತ್ಮೂರು. ಮೂಡಿಗೆರೆ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವರ ಮಗಳು. ಕಾಫಿಪುಡಿ ತೂಗಿ ಗೊತ್ತಿತ್ತೇ ಹೊರತು ಕಾಫಿ ಒಣಗಿಸಿ ಗೊತ್ತಿರಲಿಲ್ಲ. ಕಣದ ಉಸ್ತುವಾರಿ ಸಿಸಿಲಿ ಬಾಯಿಯದು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರಟು, ತಲೆಗೆ ಸುತ್ತಿದ ಟವಲು, ಬರಿಗಾಲು. ಪಲ್ಪರ್‌ನಲ್ಲಿ ಸಿಪ್ಪೆ ಬಿಟ್ಟು ತೊಳೆಸಿಕೊಂಡು ಬಂದ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು ಅವರು ಪಾದದಿಂದಲೇ ಸಾಲು ಸಾಲಾಗಿ ಎಳೆದು ತಿರುವುತ್ತಿದ್ದರು. ನನಗೂ ಚಪ್ಪಲಿ ಬಿಡಿಸಿ ಕಲಿಸಿದರು. ಆಫೀಸಿನಲ್ಲಿ ತೇವ ಅಳೆಯುವ ಯಂತ್ರವಿತ್ತು. ಅವರು ಅದರ ಕಡೆ ತಿರುಗಿಯೂ ನೋಡದೆ ಒಂದು ಬೀಜ ಬಾಯಿಗೆ ಹಾಕಿ ಕಚ್ಚುತ್ತಿದ್ದರು. “ಆ ಮಿಷನ್ನಿಗೆ ಹಲ್ಲುಂಟಾ ರೈಟ್ರಮ್ಮ?” ಎಂದು ನನ್ನನ್ನೇ ಕೇಳುತ್ತಿದ್ದರು.

ಅವರ ತಂದೆ ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ಮಗಳು ಮಾತ್ರ ಕಡಲನ್ನು ಕಂಡಿರಲಿಲ್ಲ, ಕಾಣುವ ಆಸೆಯೂ ಇದ್ದಂತಿರಲಿಲ್ಲ. ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ಅಕಾಲ ಮಳೆ ಬಂದು ಒಣಗಿದ ಕಾಫಿ ನೆನೆಯುತ್ತದಲ್ಲ, ಆ ಸಿಟ್ಟು. “ಅದು ಅಲ್ಲಿ ಕೆಮ್ಮಿದ್ರೆ ನಮ್ಮ ಕಣಕ್ಕೆ ಶೀತ” ಎನ್ನುತ್ತಿದ್ದರು.

ಕಾಫಿ ಕೊಯ್ಲಿನ ಕಾಲದಲ್ಲಿ ಅವರು ತೆಗೆದುಕೊಳ್ಳುತ್ತಿದ್ದುದು ಒಂದೇ ಒಂದು ರಜೆ, ಕ್ರಿಸ್ಮಸ್ ದಿನದ್ದು. ಮೊದಲ ಬಸ್ಸಿಗೆ ಕಳಸಕ್ಕೆ ಹೋಗಿ, ತಂಗಿಯ ಜೊತೆ ಇಗರ್ಜಿಗೆ ಹೋಗಿ, ಅವಳ ಮನೆಯಲ್ಲಿ ಉಂಡು, ಸಂಜೆ ಬಸ್ಸಿಗೆ ವಾಪಸು. ವರ್ಷವಿಡೀ ಆ ಊಟದ ಮಾತೇ ಆಡುತ್ತಿದ್ದರು. ನಾನು ಸೇರಿದ ವರ್ಷ ಕಣವನ್ನು ನನಗೆ ಒಪ್ಪಿಸಿ ಹೋದರು. ಹೊಸ ಸೀರೆ ಉಟ್ಟು ಬಸ್ಸಿಗೆ ಹೊರಟವರು ಗೇಟಿನಿಂದ ತಿರುಗಿ ಬಂದು ಹೇಳಿದ್ದು ಇಷ್ಟೇ: “ನಾಲ್ಕಕ್ಕೆ ಮುಚ್ಚಿಸಿ ರೈಟ್ರಮ್ಮ. ಆಕಾಶನ ಕೇಳ್ಬೇಡಿ, ಗಡಿಯಾರನ ಕೇಳಿ.”

ನಾನು ಆಕಾಶವನ್ನೇ ಕೇಳಿದೆ. ಮೋಡದ ಚೂರೂ ಇರಲಿಲ್ಲ. ಹಬ್ಬದ ದಿನವಲ್ಲವೇ ಎಂದು ಕಣದ ಹೆಂಗಸರನ್ನು ಮೂರಕ್ಕೇ ಮನೆಗೆ ಕಳಿಸಿ ದೊಡ್ಡತನ ಮೆರೆದೆ. ಆಮೇಲೆ ಆಫೀಸಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದೆ. ನಾಲ್ಕೂವರೆಗೆ ಹೆಂಚಿನ ಮೇಲೆ ಮಳೆ ಬಿದ್ದ ಸದ್ದು ಕೇಳಿ ಓಡಿ ಹೋಗುವಷ್ಟರಲ್ಲಿ ಹತ್ತು ದಿನ ಒಣಗಿದ್ದ ಪಾರ್ಚ್‌ಮೆಂಟ್ ನೀರಿನ ಜೊತೆ ಚರಂಡಿಗೆ ಹರಿಯುತ್ತಿತ್ತು.

ಸಂಜೆ ಬಸ್ಸಿಳಿದ ಸಿಸಿಲಿ ಬಾಯಿಗೆ ನಾನು ಸುಳ್ಳು ಹೇಳಿದೆ. ಮುಚ್ಚಿಸಿದ್ದೆ, ಗಾಳಿಗೆ ಟಾರ್ಪಾಲು ಹಾರಿಹೋಯಿತು ಎಂದೆ. ಅವರು ಕಣದ ಸುತ್ತ ಒಂದು ಸುತ್ತು ಬಂದು, ಮೂಲೆಯಲ್ಲಿ ಸ್ವಲ್ಪ ಹೊತ್ತು ಬಗ್ಗಿ ನಿಂತು, ಮನೆಗೆ ಹೋದರು. ಮರುದಿನ ಮ್ಯಾನೇಜರ್ ಕೂಗಾಡುವಾಗ ನನಗಿಂತ ಮೊದಲು ಅವರೇ ಬಾಯಿ ತೆರೆದರು. “ಗಾಳಿಗೆ ಹಾರಿದ್ದು ಸಾರ್. ಕಲ್ಲು ಜಾಸ್ತಿ ಇಡಿ ಅಂತ ನಾನೇ ಹೇಳಿರ್ಲಿಲ್ಲ. ರೈಟ್ರಮ್ಮನ ತಪ್ಪಿಲ್ಲ.” ಹಾಗಾದರೆ ಇನ್ನು ಮುಂದೆ ಪ್ರತಿ ವರ್ಷ ಕೊಯ್ಲು ಮುಗಿಯುವವರೆಗೆ ಕಣ ಬಿಟ್ಟು ಹೋಗಕೂಡದು, ಯಾವ ಹಬ್ಬವಾದರೂ ಸರಿ ಎಂದರು ಮ್ಯಾನೇಜರ್. ಸಿಸಿಲಿ ಬಾಯಿ ಆಗಲಿ ಎಂದು ತಲೆ ಆಡಿಸಿದರು. ನಾನು ನೆಲ ನೋಡುತ್ತ ನಿಂತಿದ್ದೆ.

ಮುಂದಿನ ಎರಡು ಕ್ರಿಸ್ಮಸ್ಸನ್ನು ಅವರು ಕಣದಲ್ಲೇ ಕಳೆದರು. ತಂಗಿ ಕಳಿಸಿದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ ಡಬ್ಬಿಯನ್ನು ಮೊದಲು ನನ್ನ ಮುಂದೆ ತೆರೆಯುತ್ತಿದ್ದರು. ನಾನು ತಿಂದೆ. ಚೆನ್ನಾಗಿದೆ ಎಂದೂ ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಆಗಿತ್ತೋ ಇಲ್ಲವೋ ಗೊತ್ತಿಲ್ಲ.

ಆಮೇಲೆ ನಾನು ಆಸ್ಟ್ರೇಲಿಯಾದ ಪಶ್ಚಿಮ ತೀರದ ಒಂದು ಊರಿಗೆ, ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದೆ. ನಡುವೆ ಒಮ್ಮೆ ಊರಿಗೆ ಹೋದಾಗ ನಿಜ ಹೇಳಿಬಿಡಬೇಕೆಂದೇ, ಎಸ್ಟೇಟಿನ ಕೆಲಸಗಾರರ ಸಾಲಿನಲ್ಲಿದ್ದ ಅವರ ಲೈನ್ ಮನೆಗೆ ಹೋಗಿದ್ದೆ. ಮಂಡಿ ನೋವಿನಿಂದ ಕೆಲಸ ಬಿಟ್ಟಿದ್ದರು. ನಾನಿರುವಲ್ಲಿ ಕ್ರಿಸ್ಮಸ್ ಹೇಗೆ ಎಂದು ಕೇಳಿದರು. ಮನೆಯಿಂದ ಹತ್ತು ನಿಮಿಷಕ್ಕೆ ಸಮುದ್ರ, ಡಿಸೆಂಬರಿನಲ್ಲಿ ಸುಡು ಬೇಸಿಗೆ, ಜನ ಹಬ್ಬದ ದಿನ ಮರಳ ಮೇಲೆ ಮಲಗಿರುತ್ತಾರೆ ಎಂದೆ.

“ಕಣಕ್ಕೆ ಒಳ್ಳೆ ಜಾಗ ಮಾರಾಯ್ತಿ” ಎಂದರು.

ಚಹಾ ಕುಡಿದೆ. ಹೇಳಬೇಕಾದ್ದನ್ನು ಎರಡು ಸಲ ಗಂಟಲಿಗೆ ತಂದುಕೊಂಡೆ. ಬಸ್ಸು ಬಂತು, ಹೊರಟೆ. ಅವರನ್ನು ನೋಡಿದ್ದು ಅದೇ ಕೊನೆ.

ಕಳೆದ ಕ್ರಿಸ್ಮಸ್ಸಿಗೆ ಜೊತೆಯಲ್ಲಿ ಕೆಲಸ ಮಾಡುವವರು ನನ್ನನ್ನು ಕಡಲ ತೀರಕ್ಕೆ ಕರೆದುಕೊಂಡು ಹೋದರು. ತಲೆಗೆ ಕೆಂಪು ಟೋಪಿ, ತಟ್ಟೆಯಲ್ಲಿ ಸಿಗಡಿ, ಕಣ್ಣು ಬಿಡಲಾಗದಷ್ಟು ಬಿಸಿಲು. ಸುಖವೂ ಇಲ್ಲ, ದುಃಖವೂ ಇಲ್ಲ. ಇಲ್ಲಿಗೆ ಬಂದ ಮೇಲೆ ನನಗೆ ಹಬ್ಬಗಳೆಲ್ಲ ಹಾಗೇ. ಇವತ್ತು ಫೋನಿನಲ್ಲೇ ಹೇಳಿಬಿಡೋಣ ಎಂದು ಮೂರರ ಸುಮಾರಿಗೆ ಸಿಸಿಲಿ ಬಾಯಿಯ ನಂಬರಿಗೆ ಕರೆ ಮಾಡಿದೆ. ಎತ್ತಿದ್ದು ಕಳಸದ ತಂಗಿಯ ಮಗಳು ಜೆಸಿಂತಾ. ದೊಡ್ಡಮ್ಮ ತೀರಿಕೊಂಡು ಎಂಟು ದಿನವಾಯಿತು, ಕಳಸದಲ್ಲೇ ಮಣ್ಣು ಮಾಡಿದೆವು ಎಂದಳು. ಅವರಿಗೊಂದು ವಿಷಯ ಹೇಳುವುದಿತ್ತು ಎಂದೆ.

“ಟಾರ್ಪಾಲಿನ ವಿಷಯನಾ?” ಎಂದಳು ಜೆಸಿಂತಾ. “ಆವತ್ತು ಮಡಚಿಟ್ಟ ಹಾಗೇ ಮೂಲೇಲಿ ಇತ್ತಂತೆ. ದೊಡ್ಡಮ್ಮ ಬಿಚ್ಚಿ ನೋಡಿದ್ರೆ ಒಳಗೆಲ್ಲ ಒಣಗೇ ಇತ್ತಂತೆ. ರೈಟ್ರಮ್ಮನೇ ಒಂದಿನ ಹೇಳ್ತಾರೆ, ಅಲ್ಲಿ ತನಕ ನಾನು ಕೇಳ್ಬಾರ್ದು ಅಂತಿದ್ರು.”

ಫೋನ್ ಇಟ್ಟೆ. ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ಯಾರೋ ಕಲ್ಲಂಗಡಿ ಹೋಳು ಕೊಟ್ಟರು, ತಿಂದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ನನ್ನ ಕಾಲು ತನ್ನಷ್ಟಕ್ಕೆ ತಾನೇ ಮರಳನ್ನು ಸಾಲು ಸಾಲಾಗಿ ಎಳೆಯುತ್ತಿತ್ತು.

ನಾಲ್ಕಕ್ಕೆ ಎದ್ದೆ. ಟವಲು, ಬುತ್ತಿ, ಚಪ್ಪಲಿ ಎಲ್ಲವನ್ನೂ ಒಂದೆಡೆ ರಾಶಿ ಹಾಕಿ, ಕೂತಿದ್ದ ದೊಡ್ಡ ಹಾಸನ್ನು ಎಳೆದು ಮೇಲೆ ಮುಚ್ಚಿದೆ. ಜೊತೆಯವರು ನಕ್ಕರು. ಇಲ್ಲಿ ಏಪ್ರಿಲ್ ತನಕ ಮಳೆಯ ಮಾತೇ ಇಲ್ಲ, ಆಕಾಶ ನೋಡು ಎಂದರು. ನಾನು ನೋಡಲಿಲ್ಲ. ಹಾಸಿನ ಅಂಚಿಗೆ ಇಡಲು ಕಲ್ಲು ಹುಡುಕುತ್ತ ನೀರಿನವರೆಗೂ ಹೋದೆ. ಅಲ್ಲಿ ಒಂದು ಕಲ್ಲೂ ಇರಲಿಲ್ಲ, ಬರೀ ಮರಳು.